ನಾಲ್ಕನೆಯ ಮನೆ

ಕನ್ನಡದ ಮೇಷ್ಟ್ರಿಗೆ ರಸಾಯನಶಾಸ್ತ್ರದ ಗೊಡವೆ ಏತಕ್ಕೆ ಎಂದು ಯಾರಾದರೂ ಕೇಳಿದರೆ ತಪ್ಪೇನೂ ಇಲ್ಲ. ಬಹಳ ಕಾಲ ನಾನೂ ಹಾಗೆಯೇ ತಿಳಿದಿದ್ದೆ. ತಂದೆಯವರ ಒತ್ತಾಯಕ್ಕೆ ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಂಡು, ಪ್ರಯೋಗಶಾಲೆಯಲ್ಲಿ ಆಮ್ಲ ಚೆಲ್ಲಿಕೊಂಡು ಹೊಸ ಅಂಗಿಗೆ ಮೂರು ತೂತು ಮಾಡಿಕೊಂಡ ಮೇಲೆ, ಬದುಕಿದೆಯಾ ಬಡಜೀವವೇ ಎಂದು ಪಂಪ ರನ್ನರ ನೆರಳಿಗೆ ಓಡಿಬಂದವನು ನಾನು. ಆಮೇಲೆ ಎಷ್ಟೋ ವರ್ಷ ಇಂಗಾಲ, ಜಲಜನಕಗಳ ಹಂಗಿಲ್ಲದೆ ಸುಖವಾಗಿಯೇ ಇದ್ದೆ. ಉಸಿರಾಡುವುದಕ್ಕೆ ಬೇಕಾದಷ್ಟು ಆಮ್ಲಜನಕ ಮಾತ್ರ, ಅದೂ ಹೆಸರು ಹೇಳದೆ.

ನಮ್ಮ ಕಾಲೇಜಿನ ಕಟ್ಟಡ ಹಳೆಯದು. ಒಂದು ಮಳೆಗಾಲದಲ್ಲಿ ರಸಾಯನಶಾಸ್ತ್ರದವರ ಕೊಠಡಿ ಸೋರಲಾರಂಭಿಸಿದ್ದರಿಂದ ಅವರಿಗೆ ನಮ್ಮ ಕೊಠಡಿಯಲ್ಲಿ ಜಾಗ ಕೊಟ್ಟರು. ಸೂರು ರಿಪೇರಿಯಾಗಿ ಎಷ್ಟೋ ಕಾಲವಾಯಿತು. ಬಂದವರು ಮಾತ್ರ ಹೋಗಲಿಲ್ಲ. ಅವರಲ್ಲಿ ಒಬ್ಬರು ನನ್ನ ಎದುರು ಕುರ್ಚಿಯವರು. ನನಗಿಂತ ಐದಾರು ವರ್ಷ ಹಿರಿಯರು, ಲೋಟದ ಮೇಲೆ ಲೋಟ ಕಾಫಿ ಕುಡಿಯುವವರು, ಮಾತಿಗೆ ಸಿಕ್ಕಿದರೆ ಬಿಡದವರು. ಅವರು ಪಾಠ ಮಾಡುವುದನ್ನು ಗೋಡೆಯಾಚೆಯಿಂದ ಕೇಳಿದ್ದೇನೆ. ಹರಿಕಥೆಯ ದಾಸರ ಹಾಗೆ. ಅವರಿಂದ ನಾನು ಪಾಠ ಹೇಳಿಸಿಕೊಂಡ ಸಂದರ್ಭ ಮಾತ್ರ ಕಥೆ ಕೇಳುವ ಸಂದರ್ಭವಾಗಿರಲಿಲ್ಲ.

ನನಗೊಬ್ಬಳು ತಂಗಿ. ತಂದೆಯವರು ಹೋದ ಮೇಲೆ ಅವಳ ಮದುವೆಯ ಜವಾಬ್ದಾರಿ ನನ್ನ ಮೇಲೆ ಬಿತ್ತು. ಸೋದರಮಾವನ ಮಗ ಇದ್ದ. ಒಳ್ಳೆಯ ಹುಡುಗ, ತೋಟ, ಮನೆ ಎಲ್ಲ ಇದ್ದವನು. ಗೊತ್ತಿದ್ದ ಮನೆ, ಗೊತ್ತಿದ್ದ ಜನ, ಅಮ್ಮನಿಗೆ ತವರಿನ ಬಳಕೆ ತಪ್ಪುವುದಿಲ್ಲ ಎಂದು ನಾನೇ ಮುಂದೆ ನಿಂತು ಮಾತು ಮುಗಿಸಿದೆ. ತಂಗಿ ಬಿ.ಎಡ್. ಮುಗಿಸುವವರೆಗೆ ತಡೆಯಿರಿ ಎಂದಿದ್ದಳು. ಈಗಲೇ ಬೇಡ ಎಂದಳೋ, ಈ ಸಂಬಂಧವೇ ಬೇಡ ಎಂದಳೋ, ಆ ವ್ಯತ್ಯಾಸವನ್ನು ನಾನು ಆಗ ವಿಚಾರಿಸಲಿಲ್ಲ. ಪದಪದಕ್ಕೂ ಅರ್ಥ ಬಿಡಿಸುವ ಉದ್ಯೋಗದವನು, ಮನೆಯವರ ಮಾತಿಗೆ ಅರ್ಥ ಕೇಳಲಿಲ್ಲ.

2010ರ ಚಳಿಗಾಲದಲ್ಲಿ ಅವಳಿಗೆ ಗಂಡುಮಗುವಾಯಿತು. ಹುಟ್ಟಿದಾಗ ಮೈಕೈ ತುಂಬಿಕೊಂಡು ಚೆನ್ನಾಗಿತ್ತು. ನಾಲ್ಕನೆಯ ದಿನದಿಂದ ಕುಡಿದದ್ದನ್ನೆಲ್ಲ ಕಕ್ಕತೊಡಗಿತು. ಮೈ ಹಳದಿಯಾಯಿತು. ಕಾಮಾಲೆ, ಹುಟ್ಟಿದ ಮಕ್ಕಳಿಗೆ ಸಾಮಾನ್ಯ ಎಂದು ನೀಲಿ ದೀಪದ ಕೆಳಗೆ ಮಲಗಿಸಿದರು. ಏನೇ ಆದರೂ ತಾಯಿಯ ಹಾಲು ಬಿಡಿಸಬೇಡಿ, ಅದು ಅಮೃತ ಎಂದು ಅಲ್ಲಿನ ದಾದಿಯರು ಹೇಳಿದರು. ಅದು ಸುಳ್ಳು ಮಾತೇನಲ್ಲ. ಸಾವಿರಾರು ಮಕ್ಕಳಿಗೆ ಅದು ನಿಜ. ತಂಗಿ ಎರಡು ಗಂಟೆಗೊಮ್ಮೆ ಎದ್ದು, ನಿದ್ದೆಗೆಟ್ಟು, ಮಗು ಬೇಡವೆಂದು ಮುಖ ತಿರುಗಿಸಿದರೂ ಬಿಡದೆ ಕುಡಿಸಿದಳು. ರಕ್ತದಲ್ಲಿ ನಂಜು ಏರಿದೆ ಎಂದರು. ಹನ್ನೊಂದನೆಯ ದಿನ ಮಗು ಹೋಯಿತು. ನಾಮಕರಣಕ್ಕೆಂದು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದ ತೊಟ್ಟಿಲನ್ನು ನಾನೂ ಭಾವನೂ ಮಾತಾಡದೆ ಮತ್ತೆ ಅಟ್ಟಕ್ಕೆ ಏರಿಸಿದೆವು.

ಆಸ್ಪತ್ರೆಯವರನ್ನು ದೂರುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ರೋಗ ಅಷ್ಟು ಅಪರೂಪದ್ದು. ದೂರುವವರು ಬೇರೆ ಕಡೆ ಇದ್ದರು. ಸೊಸೆಯ ಎದೆಹಾಲು ಸರಿಯಿಲ್ಲ, ನಂಜಿನ ಹಾಲು, ಅದಕ್ಕೇ ಮಗುವಿಗೆ ಒಗ್ಗಲಿಲ್ಲ ಎಂದು ನಮ್ಮ ಅತ್ತೆ ಒಂದೆರಡು ಕಡೆ ಆಡಿದ ಮಾತು ಸುತ್ತಿ ಬಳಸಿ ನಮ್ಮ ಮನೆಗೂ ಬಂತು. ಜೋಯಿಸರು ಜಾತಕ ನೋಡಿ ಐದನೆಯ ಮನೆಯಲ್ಲಿ ದೋಷವಿದೆ, ನಾಗಪ್ರತಿಷ್ಠೆ ಆಗಬೇಕು ಎಂದರು. ಅದೂ ಆಯಿತು. ತಂಗಿ ಯಾರಿಗೂ ಎದುರು ಹೇಳಲಿಲ್ಲ.

2013ರಲ್ಲಿ ಹೆಣ್ಣುಮಗು ಹುಟ್ಟಿತು. ಐದನೆಯ ದಿನ ಹಾಲು ಕಕ್ಕಿತು. ಕಣ್ಣಿನ ಬಿಳಿ ಹಳದಿಯಾಯಿತು. ತಂಗಿ ಆಗ ಅಳಲಿಲ್ಲವಂತೆ. ಗೋಡೆಯ ಕಡೆ ತಿರುಗಿ ಮಲಗಿದಳಂತೆ. ಈ ಸಲ ಬೇರೆ ಊರಿನ ಬೇರೆ ಆಸ್ಪತ್ರೆ. ಅಲ್ಲೊಬ್ಬ ವೈದ್ಯೆ, ಓದು ಮುಗಿಸಿ ಹೆಚ್ಚು ಕಾಲವಾಗಿರದ ಹುಡುಗಿ, ಮೊದಲ ಮಗು ಹೇಗೆ ಹೋಯಿತು ಎಂದು ಕೂತು ಕೇಳಿದಳು. ಹೇಳಿದ್ದನ್ನೆಲ್ಲ ಕೇಳಿ, ತಂದೆತಾಯಿ ಸಂಬಂಧಿಕರೇ ಎಂದು ವಿಚಾರಿಸಿ, ಆ ಕ್ಷಣದಿಂದ ಹಾಲು ನಿಲ್ಲಿಸಿ ಎಂದಳು. ಯಾವ ಹಾಲೂ ಬೇಡ. ತಾಯಿಯದೂ ಬೇಡ, ಹಸುವಿನದೂ ಬೇಡ. ಸೋಯಾ ಅವರೆಯಿಂದ ಮಾಡಿದ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿದರು. ಮೂರು ನಾಲ್ಕು ದಿನಗಳಲ್ಲಿ ಮಗು ಕಣ್ಣು ಬಿಟ್ಟು ನೋಡಿತು.

ನನಗೆ ಆಶ್ಚರ್ಯವಾದದ್ದು ಆ ವೈದ್ಯೆ ಮಾಡಿದ ಪರೀಕ್ಷೆ. ಮಗುವಿನ ಮೂತ್ರವನ್ನು ಎರಡು ಬಗೆಯಲ್ಲಿ ನೋಡಿದಳು. ಬೆನೆಡಿಕ್ಟ್ ದ್ರಾವಣ ಎಂಬ ನೀಲಿ ನೀರಿಗೆ ಹಾಕಿ ಕಾಯಿಸಿದರೆ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅಂದರೆ ಸಕ್ಕರೆ ಇದೆ. ಕಾಗದದ ಪಟ್ಟಿ ಅದ್ದಿ ನೋಡಿದರೆ ಏನೂ ಬಣ್ಣವಿಲ್ಲ. ಅಂದರೆ ಸಕ್ಕರೆ ಇಲ್ಲ. ಒಂದೇ ಸಂಗತಿಗೆ ಇಬ್ಬರು ಸಾಕ್ಷಿಗಳು, ಇಬ್ಬರದೂ ಬೇರೆ ಬೇರೆ ಮಾತು. ಇಬ್ಬರೂ ನಿಜ ಹೇಳುತ್ತಿದ್ದಾರೆ ಎಂದು ಆಕೆ ಬಗೆದದ್ದರಿಂದ ಮಗು ಉಳಿಯಿತು. ರಕ್ತವನ್ನು ದೊಡ್ಡ ಊರಿಗೆ ಕಳಿಸಿದರು. ಒಂದು ಚೀಟಿಯಲ್ಲಿ ರೋಗದ ಹೆಸರು ಬರೆದುಕೊಟ್ಟಳು: ಗ್ಯಾಲಕ್ಟೋಸೀಮಿಯ. ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ನಾನು ಸೋಮವಾರ ಕಾಲೇಜಿಗೆ ಬಂದೆ.

ನನ್ನ ಎದುರು ಕುರ್ಚಿಯವರು ಚೀಟಿ ನೋಡಿ ಕಾಫಿ ಲೋಟ ಕೆಳಗಿಟ್ಟರು. ಬಳಿಕ ನನ್ನ ಮೇಜಿನ ಮೇಲಿದ್ದ ಕಾಗದವನ್ನು ಎಳೆದುಕೊಂಡರು. ಹಿಂದಿನ ತರಗತಿಯಲ್ಲಿ ಛಂದಸ್ಸಿನ ಪ್ರಸ್ತಾರ ಹೇಳಿಕೊಡುವುದಕ್ಕಾಗಿ ನಾನು ಅದರ ಮೇಲೆ ಗುರು ಲಘುಗಳ ಸಾಲು ಬರೆದಿದ್ದೆ. ‘ಮೇಷ್ಟ್ರೇ, ನಾಲ್ಕು ಅಕ್ಷರದ ಪಾದಕ್ಕೆ ನಿಮ್ಮಲ್ಲಿ ಎಷ್ಟು ಬಗೆ?’ ಎಂದರು. ಹದಿನಾರು ಎಂದೆ. ಪ್ರತಿ ಅಕ್ಷರವೂ ಗುರುವಾಗಬಹುದು, ಲಘುವಾಗಬಹುದು. ಎರಡನ್ನು ನಾಲ್ಕು ಸಲ ಗುಣಿಸಿದರೆ ಹದಿನಾರು. ಇದು ಪಿಂಗಳನ ಕಾಲದಿಂದ ಬಂದ ಲೆಕ್ಕ. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮ ನಮ್ಮ ಕನ್ನಡದ ಛಂದಸ್ಸಿಗೆ ಶಾಸ್ತ್ರ ಬರೆದಾಗ ಅವನಿಗೂ ಹಳೆಯ ಲೆಕ್ಕವೇ. ‘ಹಾಗಾದರೆ ನಿಮಗೆ ಸಕ್ಕರೆಗಳು ಗೊತ್ತು’ ಎಂದರು ಅವರು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ತಪ್ಪಿದ್ದರೆ ತಪ್ಪು ನನ್ನದು. ಗ್ಲೂಕೋಸಿನ ಅಣುವಿನಲ್ಲಿ ಆರು ಇಂಗಾಲದ ಪರಮಾಣುಗಳು ಸಾಲುಮನೆಗಳ ಹಾಗೆ ಒಂದರ ಕೆಳಗೊಂದು ನಿಂತಿವೆ. ಮೊದಲನೆಯ ಮತ್ತು ಆರನೆಯ ಮನೆಗಳನ್ನು ಬಿಡಿ. ನಡುವಿನ ನಾಲ್ಕರಲ್ಲಿ ಪ್ರತಿಯೊಂದಕ್ಕೂ ಒಂದು ಕಡೆ ಜಲಜನಕ, ಇನ್ನೊಂದು ಕಡೆ ಆಮ್ಲಜನಕ ಜಲಜನಕ ಕೂಡಿದ ಹೈಡ್ರಾಕ್ಸಿಲ್ ಎಂಬ ಕೈ. ಈ ಕೈ ಬಲಕ್ಕೆ ಚಾಚಬಹುದು, ಎಡಕ್ಕೆ ಚಾಚಬಹುದು. ಆದ್ದರಿಂದ ಒಟ್ಟು ಹದಿನಾರು ಸಕ್ಕರೆಗಳು. ಹದಿನಾರಕ್ಕೂ ಪರಮಾಣುಗಳ ಲೆಕ್ಕ ಒಂದೇ: ಇಂಗಾಲ 6, ಜಲಜನಕ 12, ಆಮ್ಲಜನಕ 6. ಯಾರ ಪಕ್ಕದಲ್ಲಿ ಯಾರು ಎಂಬುದೂ ಒಂದೇ. ಕೈ ಯಾವ ಕಡೆಗೆ ಎಂಬುದರಲ್ಲಿ ಮಾತ್ರ ಭೇದ. ಇಂಥವನ್ನು ತ್ರಿವಿಮ ಸಮಾಂಗಿಗಳು ಎನ್ನುತ್ತಾರೆ. ಬಲಗೈಗೆ ಗುರು, ಎಡಗೈಗೆ ಲಘು ಎಂದಿಟ್ಟುಕೊಂಡರೆ ಗ್ಲೂಕೋಸು ಗುರು, ಲಘು, ಗುರು, ಗುರು. ನಮ್ಮ ಮಾತಿನಲ್ಲಿ ಒಂದು ರಗಣ, ಮೇಲೊಂದು ಗುರು. ನಾಲ್ಕನ್ನೂ ತಿರುಗುಮುರುಗು ಮಾಡಿದರೆ ಅದರ ಕನ್ನಡಿಯ ಬಿಂಬ. ನಾಲಿಗೆಗೆ ಅದೂ ಸಿಹಿ, ಮೈಗೆ ಮಾತ್ರ ದಕ್ಕದು. ಐದು ಇಂಗಾಲದ ಸಕ್ಕರೆಗಳಲ್ಲಿ ತಿರುಗುವ ಕೈಗಳು ಮೂರೇ; ಅವು ಎಂಟು ಎಂದರು. ಎಂಟು ಗಣ! ಯ ಮ ತ ರ ಜ ಭ ನ ಸ. ಅಂಥ ಹೊತ್ತಿನಲ್ಲೂ ನನಗೆ ಒಂದು ಕ್ಷಣ ಸಂತೋಷವಾಯಿತು, ನಾಚಿಕೆಯೂ ಆಯಿತು.

ನಾಲ್ಕು ಕೈಗಳಲ್ಲಿ ಒಂದೇ ಒಂದು ಕೈ ತಿರುಗಿದ್ದರೆ ಆ ಜೋಡಿಗೆ ಎಪಿಮರ್ ಎಂದು ಹೆಸರು. ಕನ್ನಡಿಯ ಬಿಂಬವಲ್ಲ, ಅಣ್ಣತಮ್ಮಂದಿರಲ್ಲಿ ಒಬ್ಬನ ಒಂದು ಕಿವಿ ಮಾತ್ರ ಬೇರೆಯಾಗಿರುವ ಹಾಗೆ. ಈ ಪದವನ್ನು 1911ರಲ್ಲಿ ಟಂಕಿಸಿದವನು ವೊಟೊಚೆಕ್ ಎಂಬ ಜೆಕ್ ವಿದ್ವಾಂಸ. ಅವನು ರಸಾಯನಶಾಸ್ತ್ರಕ್ಕೆ ಹಲವು ಭಾಷೆಗಳ ನಿಘಂಟನ್ನೂ ಸಂಗೀತಕ್ಕೆ ಒಂದು ನಿಘಂಟನ್ನೂ ಮಾಡಿದವನಂತೆ. ಕೇಳಿ ನನಗೆ ನಮ್ಮವನೇ ಎನಿಸಿತು. ಮೊದಲು ಎರಡನೆಯ ಮನೆಯ ಭೇದಕ್ಕೆ ಮಾತ್ರ ಈ ಹೆಸರಿತ್ತು; ಈಗ ಯಾವ ಮನೆಯಾದರೂ ಸರಿ. ಗ್ಲೂಕೋಸಿನ ಎರಡನೆಯ ಮನೆಯ ಕೈ ತಿರುಗಿದರೆ ಮ್ಯಾನೋಸ್. ನಾಲ್ಕನೆಯ ಮನೆಯ ಕೈ ತಿರುಗಿದರೆ ಗ್ಯಾಲಕ್ಟೋಸ್: ಗುರು, ಲಘು, ಲಘು, ಗುರು. ರಗಣ ಹೋಗಿ ಭಗಣವಾಯಿತು, ಅಷ್ಟೇ. ಇವೆರಡೂ ನಮ್ಮ ಅಡಿಗೆಮನೆಗೆ ಹೊಸಬರಲ್ಲ. ಮೆಂತ್ಯ ನೆನೆಹಾಕಿದಾಗ ಬಿಡುವ ಲೋಳೆ ಈ ಇಬ್ಬರನ್ನೇ ಹೆಣೆದು ಮಾಡಿದ್ದಂತೆ. ಹಾಲಿನ ಸಕ್ಕರೆಯಲ್ಲಿ ಗ್ಲೂಕೋಸೊಂದು, ಗ್ಯಾಲಕ್ಟೋಸೊಂದು ಕೈಕೈ ಹಿಡಿದು ಕೂತಿವೆ. ಹೊಟ್ಟೆಯಲ್ಲಿ ಅವನ್ನು ಬಿಡಿಸುತ್ತಾರೆ. ಗ್ಲೂಕೋಸು ನೇರವಾಗಿ ಒಲೆಗೆ ಹೋಗುತ್ತದೆ. ಗ್ಯಾಲಕ್ಟೋಸನ್ನು ಯಕೃತ್ತು ಮೂರು ನಾಲ್ಕು ಹಂತಗಳಲ್ಲಿ ತಿದ್ದಿ, ಆ ನಾಲ್ಕನೆಯ ಮನೆಯ ಕೈಯನ್ನು ತಿರುಗಿಸಿ, ಗ್ಲೂಕೋಸಿನ ಸಾಲಿಗೆ ಸೇರಿಸುತ್ತದೆ. ಒಂದೊಂದು ಹಂತಕ್ಕೂ ಒಂದೊಂದು ಕಿಣ್ವ. ನಮ್ಮ ಮಗುವಿನಲ್ಲಿ ಎರಡನೆಯ ಹಂತದ ಕಿಣ್ವ ಇರಲಿಲ್ಲ. ಅರ್ಧ ತಿದ್ದಿದ ಗ್ಯಾಲಕ್ಟೋಸು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಯಕೃತ್ತಿನಲ್ಲಿ, ಮಿದುಳಿನಲ್ಲಿ ಕೂತು ನಂಜಾಗುತ್ತದೆ. ಕಣ್ಣಿಗೆ ಪೊರೆ ಬರುತ್ತದೆ.

ಎರಡು ಪರೀಕ್ಷೆಗಳ ಒಗಟೂ ಆಗ ಬಿಡಿಸಿತು. ನೀಲಿ ನೀರಿಗೆ ಮೊದಲನೆಯ ಮನೆ ಮಾತ್ರ ಕಾಣುತ್ತದೆ. ಹದಿನಾರೂ ಅದಕ್ಕೆ ಒಂದೇ. ಕಾಗದದ ಪಟ್ಟಿಯಲ್ಲಿರುವುದು ಒಂದು ಕಿಣ್ವ. ಅದಕ್ಕೆ ಗ್ಲೂಕೋಸಿನ ಹೊರತು ಬೇರೆ ಯಾವುದೂ ಕಾಣದು.

‘ಒಂದು ಕೈ ಆಚೆಗೋ ಈಚೆಗೋ ಎಂಬುದಕ್ಕೆ ಇಷ್ಟೆಲ್ಲವೇ?’ ಎಂದು ನಾನು ಕೇಳಿದೆನಂತೆ. ಅವರು ಉತ್ತರ ಹೇಳದೆ, ‘ನಿಮ್ಮ ಹುಡುಗರು ಹಾಲು ಎಂದು ಬರೆಯುವ ಕಡೆ ಹಾಳು ಎಂದು ಬರೆದರೆ ನೀವು ಅಂಕ ಕಳೆಯುವುದಿಲ್ಲವೇ?’ ಎಂದರು. ಅವರಿಗೆ ಅದು ಸುಮ್ಮನೆ ಬಾಯಿಗೆ ಬಂದ ಉದಾಹರಣೆ. ಹಳಗನ್ನಡದಲ್ಲಿ ಒಂದು ಪಾಲ್, ಇನ್ನೊಂದು ಪಾೞ್. ಬೇರೆ ಬೇರೆ ಮನೆಯ ಮಾತುಗಳು, ಪಕಾರ ಹಕಾರವಾಗಿ, ೞಕಾರ ಳಕಾರವಾಗಿ ಈಗ ಇಷ್ಟು ಹತ್ತಿರಕ್ಕೆ ಬಂದು ನಿಂತಿವೆ ಎಂದು ನಾನು ಹೇಳಬಹುದಾಗಿತ್ತು. ಹೇಳಲಿಲ್ಲ. ಗಂಟೆ ಹೊಡೆಯಿತು, ತರಗತಿಗೆ ಹೋದೆ. ಏನು ಪಾಠ ಮಾಡಿದೆನೋ ನೆನಪಿಲ್ಲ.

ಆಮೇಲೆ ನನಗೆ ಈ ವಿಷಯದ ಹುಚ್ಚು ಹಿಡಿಯಿತು. ಇದು ನನ್ನ ಸ್ವಭಾವ. ಅಳುವುದಕ್ಕೆ ಬಾರದವನು ಪುಸ್ತಕ ತೆಗೆಯುತ್ತೇನೆ. ಗೆಳೆಯರು ತಂದುಕೊಟ್ಟದ್ದನ್ನೆಲ್ಲ ಅರ್ಥವಾದರೂ ಆಗದಿದ್ದರೂ ಓದಿದೆ. 1848ರಲ್ಲಿ ಇಪ್ಪತ್ತೈದು ವರ್ಷದ ಲೂಯಿ ಪಾಶ್ಚರ್ ಒಂದು ಲವಣದ ಹರಳುಗಳನ್ನು ಭೂತಕನ್ನಡಿ ಹಿಡಿದು ನೋಡಿ, ಎಡದವು ಬಲದವು ಎಂದು ಚಿಮಟದಿಂದ ಆರಿಸಿ ಎರಡು ಗುಡ್ಡೆ ಮಾಡಿದ. ನಮ್ಮ ಹೆಂಗಸರು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುವ ಹಾಗೆ. ಆ ಲವಣ ಟಾರ್ಟಾರಿಕ್ ಆಮ್ಲದ್ದು; ನಮ್ಮ ಹುಣಿಸೆಯ ಹುಳಿಯೂ ಅದೇ ಆಮ್ಲ, ಅದೂ ಎರಡು ಕೈಗಳಲ್ಲಿ ಒಂದರದು ಮಾತ್ರ. 1874ರಲ್ಲಿ ಹಾಲೆಂಡಿನ ವಾಂಟ್ ಹಾಫ್, ಫ್ರಾನ್ಸಿನ ಲ ಬೆಲ್ ಇಬ್ಬರೂ ಬೇರೆ ಬೇರೆಯಾಗಿ ಇಂಗಾಲದ ನಾಲ್ಕು ಕೈಗಳು ಹಾಳೆಯ ಮೇಲಿನ ಗೆರೆಗಳಲ್ಲ, ಆಕಾಶದಲ್ಲಿ ನಾಲ್ಕು ಮೂಲೆಗೆ ಚಾಚಿವೆ ಎಂದರು. ಕೋಲ್ಬೆ ಎಂಬ ಹಿರಿಯ ವಿದ್ವಾಂಸನಿಗೆ ಇದು ಸಹಿಸಲಿಲ್ಲ. ವಾಂಟ್ ಹಾಫ್ ಆಗ ಊಟ್ರೆಕ್ಟಿನ ಪಶುವೈದ್ಯ ಶಾಲೆಯಲ್ಲಿ ಮೇಷ್ಟ್ರು. ಪಶುವೈದ್ಯ ಶಾಲೆಯ ಕುದುರೆಯನ್ನೇ ರೆಕ್ಕೆಯ ಕುದುರೆ ಎಂದು ಹತ್ತಿದ್ದಾನೆ ಎಂಬರ್ಥದಲ್ಲಿ ಕೋಲ್ಬೆ 1877ರಲ್ಲಿ ಬರೆದ. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಬಂದದ್ದು ಆ ವಾಂಟ್ ಹಾಫನಿಗೆ. ವಿದ್ವಾಂಸರ ಜಗಳಗಳಲ್ಲಿ ನಾವು ಕನ್ನಡದವರೇ ಮುಂದು ಎಂದು ತಿಳಿದಿದ್ದೆ, ಹಾಗೇನೂ ಇಲ್ಲ.

ನನಗೆ ಹೆಚ್ಚು ಹತ್ತಿರದವನಾಗಿ ಕಂಡದ್ದು ಎಮಿಲ್ ಫಿಷರ್. ಈ ಹದಿನಾರು ಸಕ್ಕರೆಗಳಲ್ಲಿ ಯಾವುದಕ್ಕೆ ಯಾವ ಕೈ ಯಾವ ಕಡೆ ಎಂದು ಅವನು 1891ರಲ್ಲಿ, ಜರ್ಮನಿಯ ವುರ್ಜ್‌ಬರ್ಗಿನಲ್ಲಿ ಕೂತು, ಕಣ್ಣಿಗೆ ಕಾಣದ ಅಣುವಿನ ವಿಷಯವನ್ನು ತರ್ಕದಿಂದ ಬಗೆಹರಿಸಿದ. ಅವನ ಕೈಯಲ್ಲಿದ್ದ ಮುಖ್ಯ ಸಾಧನ 1875ರಲ್ಲಿ ತಾನೇ ಕಂಡುಹಿಡಿದಿದ್ದ ಫಿನೈಲ್ ಹೈಡ್ರಜೀನ್ ಎಂಬ ದ್ರವ. ಅಂಟು ಪಾಕವಾಗಿ ಹರಳುಗಟ್ಟಲು ಒಪ್ಪದ ಸಕ್ಕರೆಗಳು ಅದರೊಡನೆ ಸೇರಿ ಹಳದಿ ಹರಳುಗಳಾಗುತ್ತವೆ. ಗ್ಲೂಕೋಸೂ ಮ್ಯಾನೋಸೂ ಒಂದೇ ಹರಳನ್ನು ಕೊಟ್ಟವು. ಆ ಕ್ರಿಯೆಯಲ್ಲಿ ಎರಡನೆಯ ಮನೆಯ ಕೈಯ ಭೇದ ಅಳಿಸಿಹೋಗುತ್ತದೆ. ಉಳಿದದ್ದು ಒಂದೇ ಆದರೆ ಅಳಿದದ್ದರಲ್ಲಿ ಮಾತ್ರ ಅವು ಬೇರೆ. ಹಸ್ತಪ್ರತಿಗಳ ಪಾಠಾಂತರ ನೋಡುವವರು ಹೀಗೆಯೇ ಯೋಚಿಸುತ್ತಾರೆ. ಆದರೆ ಒಂದು ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ: ತನ್ನ ಇಡೀ ಪಟ್ಟಿಯೇ ಕನ್ನಡಿಯಲ್ಲಿ ಕಂಡ ಪಟ್ಟಿಯೋ, ನಿಜವಾದ ಪಟ್ಟಿಯೋ? ಯಾವುದಾದರೊಂದು ಎಂದಿಟ್ಟುಕೊಂಡು ನಡೆದ. ಅರವತ್ತು ವರ್ಷದ ಮೇಲೆ, 1951ರಲ್ಲಿ, ಬೈಫೂಟ್ ಎಂಬವನು ಕ್ಷಕಿರಣಗಳಿಂದ ನೋಡಿದಾಗ ಫಿಷರ್ ಇಟ್ಟುಕೊಂಡದ್ದೇ ಸರಿಯಾಗಿತ್ತು. ಅದೂ ಅದೇ ಊಟ್ರೆಕ್ಟಿನಲ್ಲಿ, ವಾಂಟ್ ಹಾಫನ ಹೆಸರಿನ ಪ್ರಯೋಗಶಾಲೆಯಲ್ಲಿ. ಫಿಷರ್ 1902ರಲ್ಲಿ ನೊಬೆಲ್ ಪಡೆದ. ಆದರೆ ಆ ಹೈಡ್ರಜೀನಿನ ನಂಜು ಅವನ ಆರೋಗ್ಯವನ್ನು ಹಾಳುಮಾಡಿತು. ಈ ಕಥೆಯಲ್ಲಿ ನಂಜು ಯಾರನ್ನೂ ಬಿಟ್ಟಿಲ್ಲ.

ಇಷ್ಟನ್ನು ಓದಿಕೊಂಡು, ಕಾಗದದ ಮೇಲೆ ಗೆರೆ ಎಳೆದುಕೊಂಡು, ಒಂದು ಭಾನುವಾರ ತಂಗಿಯ ಮನೆಗೆ ಹೋದೆ. ನಿನ್ನ ಹಾಲಿನಲ್ಲಿ ದೋಷವಿಲ್ಲ ಎಂದು ಅವಳಿಗೆ ಹೇಳಬೇಕಾಗಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ನಡುಮನೆಯಲ್ಲಿ ಕೂತು ಅವಳಿಗೆ ಆರು ಮನೆಗಳನ್ನು ಬರೆದು ತೋರಿಸಿದೆ. ಅವಳೂ ಬಿ.ಎಸ್ಸಿ. ಓದಿದವಳೇ, ನನಗಿಂತ ಬೇಗ ತಿಳಿದುಕೊಂಡಳು. ನಿನ್ನ ಹಾಲು ಎಲ್ಲ ತಾಯಂದಿರ ಹಾಲಿನ ಹಾಗೆಯೇ ಇತ್ತು, ಬೇರೆ ಯಾವ ತಾಯಿ ಕುಡಿಸಿದ್ದರೂ ಹೀಗೆಯೇ ಆಗುತ್ತಿತ್ತು ಎಂದೆ. ಬಹಳ ಹೊತ್ತು ಕಾಗದವನ್ನು ನೋಡುತ್ತಿದ್ದಳು.

‘ಹಾಗಾದರೆ ನಾನು ಕುಡಿಸದೆ ಇದ್ದಿದ್ದರೆ ಅವನು ಉಳಿಯುತ್ತಿದ್ದ ಅಲ್ಲವೇ ಅಣ್ಣ?’ ಎಂದಳು.

ಅದಕ್ಕೆ ನನ್ನ ಹತ್ತಿರ ಏನು ಉತ್ತರವಿತ್ತು? ಅತ್ತೆಯ ಮಾತಾದರೆ ಮೂರ್ಖತನ ಎಂದು ತಳ್ಳಿಹಾಕಬಹುದಿತ್ತು. ನಾನು ತಂದದ್ದು ತಳ್ಳಿಹಾಕಲಾಗದ ಮಾತು. ಗೊತ್ತಿದ್ದರೆ ತಾನೆ ನಿಲ್ಲಿಸುತ್ತಿದ್ದೆ, ಗೊತ್ತಿರಲಿಲ್ಲವಲ್ಲ ಎಂದೇನೋ ತೊದಲಿದೆ. ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಹಿಮ್ಮಡಿಗೆ ಸೂಜಿ ಚುಚ್ಚಿ ಎರಡು ತೊಟ್ಟು ರಕ್ತ ತೆಗೆದು ಈ ರೋಗವಿದೆಯೇ ಎಂದು ಮೊದಲೇ ನೋಡುತ್ತಾರೆ ಎಂದೆ. ಅದನ್ನು ಹೇಳಬಾರದಿತ್ತು, ಮಾತು ಹುಡುಕುವವನಿಗೆ ಯಾವುದು ಸಿಕ್ಕಿದರೂ ಮಾತೇ. ಅವಳು ಕಾಗದವನ್ನು ಮಡಿಸಿದಳು. ‘ಡಾಕ್ಟರು ಇನ್ನೂ ಒಂದು ವಿಷಯ ಹೇಳಿದರು. ನೀನು ಆ ಭಾಗ ಬಿಟ್ಟೆ’ ಎಂದಳು.

ಬಿಟ್ಟದ್ದು ನಿಜ. ಆ ಕಿಣ್ವವನ್ನು ಮಾಡುವ ಸೂತ್ರ ಮಗುವಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ಎರಡರಲ್ಲಿ ಒಂದು ಸರಿಯಿದ್ದರೂ ಸಾಕು, ಬದುಕು ನಡೆಯುತ್ತದೆ. ಅಂಥವರಿಗೆ ತಮ್ಮಲ್ಲಿ ಕೆಟ್ಟದ್ದೊಂದು ಇದೆ ಎಂಬುದೇ ತಿಳಿಯುವುದಿಲ್ಲ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಪಾಲು ಈ ರೋಗದ ಭಯ. ಯುರೋಪಿನ ಜನರಲ್ಲಿ 30,000ದಿಂದ 60,000 ಮಕ್ಕಳಿಗೆ ಒಂದು ಹೀಗೆ ಹುಟ್ಟುತ್ತದಂತೆ. ಅಷ್ಟು ಅಪರೂಪದ ಸೂತ್ರವನ್ನು ಹೊತ್ತ ಇಬ್ಬರು ಒಬ್ಬರಿಗೊಬ್ಬರು ಸಿಗುವುದು ಕಷ್ಟ. ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳಾದರೆ ಅಷ್ಟು ಕಷ್ಟವಲ್ಲ. ನಮ್ಮ ತಾಯಿಯ ತಂದೆಯೋ ತಾಯಿಯೋ ಹೊತ್ತುಕೊಂಡಿದ್ದದ್ದನ್ನು ಅಮ್ಮನೂ ಮಾವನೂ ಹಂಚಿಕೊಂಡಿರಬೇಕು. ಹಂಚಿಹೋದದ್ದನ್ನು ಮತ್ತೆ ಒಂದು ಮನೆಯಲ್ಲಿ ಕೂಡಿಸಿದವನು ನಾನು. ನನ್ನ ಮೈಯಲ್ಲೂ ಅದು ಇದೆಯೋ ಏನೋ. ನಾನು ಪರೀಕ್ಷೆ ಮಾಡಿಸಿಲ್ಲ. ಹೊರಗಿನ ಹೆಣ್ಣನ್ನು ಮದುವೆಯಾದದ್ದರಿಂದ ನನ್ನ ಮಕ್ಕಳು ಲೋಟಗಟ್ಟಲೆ ಹಾಲು ಕುಡಿದು ಬೆಳೆದರು.

‘ನಾನೇ ನಿಂತು ಮಾಡಿಸಿದೆ’ ಎಂದೆ. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮಗು ಎದ್ದು ಅತ್ತಿತು. ಸೋಯಾ ಪುಡಿ ಕದಡುವುದಕ್ಕೆ ಒಳಗೆ ಹೋದಳು.

ಮಗು ಈಗ ದೊಡ್ಡವಳಾಗಿದ್ದಾಳೆ. ಹಾಲಿಲ್ಲದ ಬದುಕು ಎಂದರೆ ನಮ್ಮ ಕಡೆ ಏನು ಎಂಬುದು ಮೊದಲು ನಮಗೆ ಗೊತ್ತಿರಲಿಲ್ಲ. ಮೊಸರಿಲ್ಲ, ಮಜ್ಜಿಗೆಯಿಲ್ಲ; ಹೆಪ್ಪುಗಟ್ಟಿದ ಮಾತ್ರಕ್ಕೆ ಗ್ಯಾಲಕ್ಟೋಸು ಹೋಗುವುದಿಲ್ಲ. ಊಟ ಸಾರಿನ ಅನ್ನಕ್ಕೆ ಮುಗಿಯಬೇಕು. ಪೇಡ, ಬರ್ಫಿ ಹೋಗಲಿ, ಅಂಗಡಿಯ ಬಿಸ್ಕತ್ತಿನ ಪೊಟ್ಟಣದ ಸಣ್ಣ ಅಕ್ಷರಗಳನ್ನೆಲ್ಲ ಓದಬೇಕು. ಜ್ವರದ ಮಾತ್ರೆಯಲ್ಲಿ ಕೂಡ ಹಿಟ್ಟಿಗೆ ಬದಲಾಗಿ ಹಾಲಿನ ಸಕ್ಕರೆ ತುಂಬಿರುವುದುಂಟು. ಒಮ್ಮೆ ದೇವಸ್ಥಾನದಲ್ಲಿ ಅರ್ಚಕರು ಎಲ್ಲರಿಗೂ ಹಾಕಿದಂತೆ ಇವಳ ಅಂಗೈಗೂ ಪಂಚಾಮೃತ ಹಾಕಿದರು. ತಂಗಿ ಗರ್ಭಗುಡಿಯ ಎದುರಿಗೇ ಮಗುವಿನ ಕೈ ಹಿಡಿದು ಸೆರಗಿನಿಂದ ಒರೆಸಿದಳು. ಹಿಂದೆ ನಿಂತಿದ್ದವರು ಏನೇನೋ ಅಂದರು. ಜೊತೆಯಲ್ಲಿದ್ದ ನಮ್ಮ ಅತ್ತೆ ಅವರ ಕಡೆ ತಿರುಗಿ, ‘ನಮ್ಮ ಮಗು ಅದು, ನಮಗೆ ಗೊತ್ತಿದೆ’ ಎಂದರಂತೆ. ಈಗ ಹಬ್ಬಕ್ಕೆ ಆ ಮನೆಯಲ್ಲಿ ಪಾಯಸ ಮಾಡುವುದು ಕಾಯಿಹಾಲಿನಲ್ಲಿ. ಕಾಯಿ ತುರಿದು, ರುಬ್ಬಿ, ಹಿಂಡುವುದು ಅತ್ತೆಯ ಕೆಲಸ. ಬೇರೆ ಯಾರಿಗೂ ಬಿಡುವುದಿಲ್ಲ.

ಹಾಲು ಬಿಟ್ಟ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ನಮ್ಮ ಮೈಯೇ ಗ್ಲೂಕೋಸಿನಿಂದ ಗ್ಯಾಲಕ್ಟೋಸನ್ನು ಮಾಡಿಕೊಳ್ಳುತ್ತದೆ. ಮಿದುಳು ನರಗಳ ಕಟ್ಟಡಕ್ಕೆ ಅದು ಬೇಕು. ಇದನ್ನು ಮಾಡುವ ಕಿಣ್ವಕ್ಕೆ ಎಪಿಮರೇಸ್ ಎಂದೇ ಹೆಸರು. ನಾಲ್ಕನೆಯ ಮನೆಯ ಜಲಜನಕವನ್ನು ಕಿತ್ತು, ಅಣುವನ್ನು ಮಗುಚಿ, ಅದೇ ಜಲಜನಕವನ್ನು ಇನ್ನೊಂದು ಮಗ್ಗುಲಿಂದ ನೆಡುತ್ತದೆಯಂತೆ. ಈ ದಾರಿಯನ್ನೆಲ್ಲ ಕಂಡವನು ಅರ್ಜೆಂಟೀನದ ಲೆಲುವಾರ್; 1970ರಲ್ಲಿ ಅವನಿಗೂ ನೊಬೆಲ್ ಬಂತು. ಆದ್ದರಿಂದ ಬಾಯಿಂದ ಒಂದು ಹನಿ ಹಾಲು ಹೋಗದಿದ್ದರೂ ಒಳಗೆ ಅದು ಹುಟ್ಟುತ್ತಲೇ ಇರುತ್ತದೆ. ಇಂಥ ಮಕ್ಕಳಿಗೆ ಮಾತು ತಡವಾಗುವುದುಂಟು, ಓದು ನಿಧಾನವಾಗುವುದುಂಟು. ಹೆಣ್ಣುಮಕ್ಕಳಿಗೆ ಮುಂದೆ ಬರಬಹುದಾದ ಇನ್ನೊಂದು ತೊಂದರೆಯನ್ನೂ ವೈದ್ಯರು ಹೇಳಿದ್ದಾರೆ. ಅದನ್ನು ಮನೆಯಲ್ಲಿ ಇನ್ನೂ ಯಾರೂ ಬಾಯಿಬಿಟ್ಟು ಆಡಿಲ್ಲ.

ನಮ್ಮವಳಿಗೆ ಮಾತು ಬಂದದ್ದು ಮೂರು ವರ್ಷ ದಾಟಿದ ಮೇಲೆ. ಅರ್ಥ ಎಲ್ಲ ಆಗುತ್ತದೆ. ನಾಲಿಗೆ ಹೇಳಿದ ಕಡೆ ಹೋಗುವುದಿಲ್ಲ. ಬೇಸಿಗೆ ರಜದಲ್ಲಿ ನಾನು ಅವಳನ್ನು ಎದುರಿಗೆ ಕೂರಿಸಿಕೊಂಡು ಅಕ್ಷರ ಹೇಳಿಸುತ್ತೇನೆ. ಲಕಾರಕ್ಕೂ ಳಕಾರಕ್ಕೂ ಬಹಳ ದಿನ ಹಿಡಿಯಿತು. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಸಬೇಕು ಎಂದು ಬಾಯಿ ತೆರೆದು ತೋರಿಸಿದರೆ ನನ್ನ ಬಾಯೊಳಗೆ ಇಣುಕಿ ನಗುತ್ತಾಳೆ. ಇಪ್ಪತ್ತು ವರ್ಷ ಎಷ್ಟೋ ಹುಡುಗರ ಉತ್ತರಪತ್ರಿಕೆಗಳಲ್ಲಿ ಈ ಎರಡು ಅಕ್ಷರಗಳಿಗೆ ಕೆಂಪು ಶಾಯಿ ಚೆಲ್ಲಿದ್ದೇನೆ. ಅವಳ ಕಾಪಿ ಪುಸ್ತಕದಲ್ಲಿ ಮಾತ್ರ ಪೆನ್ಸಿಲಿನಲ್ಲಿ ತಿದ್ದುತ್ತೇನೆ.

ಹೋದ ಸಲ ಹೋಗಿದ್ದಾಗ ತಂಗಿ ಕಾಫಿ ತಂದಳು. ನನಗೆ ಹಾಲು ಬೇಡ, ಬರೀ ಡಿಕಾಕ್ಷನ್ ಸಾಕು ಎಂದೆ. ಆ ಮನೆಗೆ ಹೋದಾಗಲೆಲ್ಲ ಹಾಗೆ ಹೇಳುವುದು ನನಗೆ ಅಭ್ಯಾಸವಾಗಿದೆ. ‘ನಿನಗೇಕಣ್ಣ ಈ ವ್ರತ? ಸುಮ್ಮನೆ ಕುಡಿ’ ಎಂದು ಲೋಟ ಮುಂದಿಟ್ಟು ಹೋದಳು. ಹುಡುಗಿ ಮಗ್ಗಿ ಬರೆಯುತ್ತಿದ್ದವಳು ತಲೆಯೆತ್ತಿ ಕಾಫಿಯ ಮೇಲಿನ ನೊರೆಯನ್ನು ನೋಡಿದಳು.

‘ಮಾವ, ಹಾಲು ಸಿಹಿಯಾಗಿರುತ್ತದಾ?’ ಎಂದು ಕೇಳಿದಳು. ಲಕಾರ ಸರಿಯಾಗಿಯೇ ಬಂತು.

‘ಅಷ್ಟೇನೂ ಇಲ್ಲ. ನಾವು ಸಕ್ಕರೆ ಹಾಕಿಕೊಳ್ಳುತ್ತೇವೆ’ ಎಂದೆ.

ಹೌದೇ ಎಂದು ಮತ್ತೆ ಮಗ್ಗಿ ಬರೆಯತೊಡಗಿದಳು. ಕಾಫಿ ಆರುತ್ತಿತ್ತು, ಕುಡಿದೆ.